ಬೆಳಗಾವಿಗೆ ಖಾಸಗಿ ಎಫ್‌ಎಂ ಯಾಕೆ ಇಷ್ಟು ತಡ?

ಖಾಸಗಿ ಎಫ್‌ಎಂ ಇಲ್ಲದ 234 ಊರುಗಳಲ್ಲಿ 730 ಚಾನೆಲ್‌ಗಳನ್ನು ಹರಾಜಿಗಿಡಲು 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತು. ಆ ಪಟ್ಟಿಯಲ್ಲಿ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಇದ್ದವು. ಪಕ್ಕದ ಕೊಲ್ಹಾಪುರಕ್ಕೂ ಅತ್ತ ಕಲಬುರಗಿಗೂ 2005ರ ನೀತಿಯ ಸುತ್ತಿನಲ್ಲೇ ಖಾಸಗಿ ಎಫ್‌ಎಂ ಸಿಕ್ಕಿತ್ತು. ಸುವರ್ಣಸೌಧ ಇರುವ ಊರು ಇಷ್ಟು ಹಿಂದೆ ಬಿದ್ದದ್ದು ಹೇಗೆ?

ಒಂದೇ ಊರಲ್ಲಿ ಇಬ್ಬರು ಒಂದೇ ತರಂಗಾಂತರದಲ್ಲಿ ಪ್ರಸಾರ ಮಾಡಿದರೆ ಕೇಳುವವರಿಗೆ ಬರೀ ಗಜಿಬಿಜಿ. ಹಾಗಾಗಿ ಯಾರಿಗೆ ಯಾವ ಜಾಗ ಅಂತ ಒಬ್ಬರು ಹಂಚಲೇಬೇಕು. ನಮ್ಮಲ್ಲಿ ಆ ಅಧಿಕಾರವನ್ನು ಬ್ರಿಟಿಷರು 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಕಾಯ್ದೆಯಿಂದ ಪೂರ್ತಿ ಸರ್ಕಾರದ ಕೈಗೆ ಕೊಟ್ಟರು. ಪ್ರಸಾರ ಬಿಡಿ, ಮನೆಯಲ್ಲಿ ಸುಮ್ನೆ ರೇಡಿಯೊ ಇಟ್ಟುಕೊಳ್ಳಲೂ ಲೈಸೆನ್ಸ್ ಬೇಕಿತ್ತು. ಪೋಸ್ಟ್ ಆಫೀಸಿಗೆ ಹೋಗಿ ಫೀ ಕಟ್ಟಿ ಬರುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಸ್ವಾತಂತ್ರ್ಯ ಬಂದರೂ ಕಾಯ್ದೆ ಹಾಗೇ ಉಳಿಯಿತು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯೇ ಈ ಭಾಗಕ್ಕೆಲ್ಲ ರೇಡಿಯೊ ಆಯಿತು.

ತಿರುವು ಬಂದದ್ದು ಕ್ರಿಕೆಟ್‌ನಿಂದ. 1993ರ ಹೀರೋ ಕಪ್ ಪ್ರಸಾರದ ಹಕ್ಕಿಗಾಗಿ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಕೇಂದ್ರಕ್ಕೂ ಜಗಳ ಹತ್ತಿತು. 1995ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ತರಂಗಗಳು ಸಾರ್ವಜನಿಕರ ಸ್ವತ್ತು, ಅವು ಸರ್ಕಾರದ ಏಕಸ್ವಾಮ್ಯ ಅಲ್ಲ. ಅವುಗಳನ್ನು ನೋಡಿಕೊಳ್ಳಲು ಸ್ವತಂತ್ರ ಪ್ರಾಧಿಕಾರ ಬೇಕು ಅಂತಲೂ ಹೇಳಿತು. ತೀರ್ಪಿನ ಆ ಭಾಗವನ್ನು ಸರ್ಕಾರಗಳು ಜಾಣತನದಿಂದ ಮರೆತವು. ಎಫ್‌ಎಂಗೆ ಅನುಮತಿ ಕೊಡುವುದು ಇವತ್ತಿಗೂ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ.

ಸಾರ್ವಜನಿಕರ ಸ್ವತ್ತು ಅಂದಮೇಲೆ ಹರಾಜೇ ನ್ಯಾಯ ಅನ್ನಿಸುತ್ತದೆ, ಅಲ್ವಾ? 1999ರ ನೀತಿಯಲ್ಲಿ 40 ಊರುಗಳ 108 ಚಾನೆಲ್‌ಗಳನ್ನು ಹರಾಜಿಗಿಟ್ಟರು. ಕಂಪನಿಗಳು ಹುರುಪಿನಲ್ಲಿ ಕೂಗಿದವು. ಲೈಸೆನ್ಸ್ ಫೀ ವರ್ಷವರ್ಷವೂ ಶೇ. 15ರಷ್ಟು ಏರುವ ಷರತ್ತಿತ್ತು. ಜಾಹೀರಾತು ಅಷ್ಟು ವೇಗವಾಗಿ ಏರಲಿಲ್ಲ. ಬೆಂಗಳೂರಿಗೆ 2001ರಲ್ಲಿ ಖಾಸಗಿ ಎಫ್‌ಎಂ ಬಂತು, ಆದರೆ ಗೆದ್ದವರಲ್ಲಿ ಬಹುಪಾಲು ಕಂಪನಿಗಳು ಶುರು ಮಾಡಲೇ ಇಲ್ಲ. 2005ರಲ್ಲಿ ನಿಯಮ ಬದಲಾಯಿತು. ಒಮ್ಮೆ ಹರಾಜಿನ ಹಣ ಕಟ್ಟಿ, ಆಮೇಲೆ ಆದಾಯದಲ್ಲಿ ಶೇ. 4 ಕೊಟ್ಟರೆ ಸಾಕು. ಆಗ ಎಫ್‌ಎಂ ಹಲವು ಊರು ಸೇರಿತು.

ಆದರೂ ಹರಾಜು ನೋಡುವುದು ಜಾಹೀರಾತಿನ ಮಾರುಕಟ್ಟೆಯನ್ನು, ಕೇಳುಗರನ್ನಲ್ಲ. ನಮ್ಮ ಊರುಗಳು ಸಾಲಿನ ಕೊನೆಗೆ ಹೋದದ್ದಕ್ಕೆ ಮುಖ್ಯ ಕಾರಣ ಇದೇ ಎಂದು ನನ್ನ ಲೆಕ್ಕ. ಮೊಬೈಲ್‌ಗೆ ಬೇಕಾದ ತರಂಗಗಳ 2022ರ 5ಜಿ ಹರಾಜಿನಲ್ಲಿ ಕಂಪನಿಗಳು ಕೂಗಿದ್ದು ಸುಮಾರು 1.5 ಲಕ್ಷ ಕೋಟಿ ರೂಪಾಯಿ. ಈ 730 ಎಫ್‌ಎಂ ಚಾನೆಲ್‌ಗಳ ಒಟ್ಟು ಮೂಲಬೆಲೆ 784.87 ಕೋಟಿ. ಇಷ್ಟು ಚಿಲ್ಲರೆ ದುಡ್ಡಿಗೆ ದಿಲ್ಲಿಯಲ್ಲಿ ಯಾರು ಅವಸರ ಮಾಡುತ್ತಾರೆ?

ಹರಾಜಿಲ್ಲದ ದಾರಿಯೂ ಒಂದಿದೆ: ಸಮುದಾಯ ರೇಡಿಯೊ. ಶಿಕ್ಷಣ ಸಂಸ್ಥೆಗಳಿಗೆ ಇದು 2002ರಲ್ಲಿ ತೆರೆಯಿತು, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಿಕ್ಕಿತು. ಬೆಳಗಾವಿಯ ಕೆಎಲ್‌ಇ ವೇಣುಧ್ವನಿ ಹೀಗೆ ಬಂದದ್ದು. ಇವುಗಳ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮಾತ್ರ, ಹಾಗಾಗಿ ಊರು ದಾಟಿ ಜಾಸ್ತಿ ದೂರ ಕೇಳುವುದಿಲ್ಲ.

ಖಾಸಗಿ ಎಫ್‌ಎಂ ಬಂದರೂ ಅದು ಸ್ವಂತ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದಹಾಗೇ ಬಿತ್ತರಿಸಬಹುದು, ಅಷ್ಟೇ. ಕೃಷ್ಣಾ, ಘಟಪ್ರಭಾ ಉಕ್ಕಿದಾಗ ಸ್ಥಳೀಯ ಆಡಳಿತ ಕೊಟ್ಟ ಮಾಹಿತಿ ಹೇಳಲು ಅಡ್ಡಿಯಿಲ್ಲ. ಪರಿಹಾರ ಯಾಕೆ ಬರಲಿಲ್ಲ ಅಂತ ಕೇಳಿದರೆ ಮಾತ್ರ ಅದು ಸುದ್ದಿಯಾಗಿಬಿಡುತ್ತದೆ.