ಹಳೇ ಕಾರು ಗಟ್ಟಿ ಅಂತಾರೆ, ನಿಜವಾ?

ನಮ್ಮಪ್ಪ ಈಗಲೂ ಹೊಸ ಕಾರಿನ ಬಾನೆಟ್ ತಟ್ಟಿ ನೋಡಿ, 'ಬರೀ ತಗಡು' ಅಂತಾರೆ. ಹಳೇ ಗಾಡಿ ಅಂದ್ರೆ ದಪ್ಪ ಕಬ್ಬಿಣ, ಅದೇ ಭದ್ರ ಅನ್ನೋದು ಅವರ ಲೆಕ್ಕ. ಕಾರಿನ ಸುರಕ್ಷತೆಯ ಪಾಠದಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದೇ.

2009ರಲ್ಲಿ ಅಮೆರಿಕದ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ ಅನ್ನುವ, ಕಾರುಗಳ ಸುರಕ್ಷತೆ ಪರೀಕ್ಷಿಸುವ ಸಂಸ್ಥೆ 1959ರ ಷೆವ್ರೊಲೆ ಬೆಲ್ ಏರ್ ಕಾರಿಗೂ 2009ರ ಷೆವ್ರೊಲೆ ಮಾಲಿಬುಗೂ ಡಿಕ್ಕಿ ಹೊಡೆಸಿತು. ಎರಡರ ವೇಗವೂ ಗಂಟೆಗೆ ಸುಮಾರು 64 ಕಿ.ಮೀ. ಡ್ರೈವರ್ ಕಡೆಯ ಮೂತಿ ಮಾತ್ರ ಒಂದಕ್ಕೊಂದು ತಾಗುವಂತೆ ಬಿಟ್ಟರು. ಬೆಲ್ ಏರ್‌ನ ಬಾಗಿಲು ತೆರೆದುಕೊಂಡಿತು, ಮುಂದಿನ ಗಾಜು ಪೂರ್ತಿ ಕಿತ್ತುಬಂತು, ಸೀಟು ನೆಲದಿಂದಲೇ ಕಳಚಿತು. ಪರೀಕ್ಷೆಗೆಂದು ಡ್ರೈವರ್ ಜಾಗದಲ್ಲಿ ಕೂರಿಸಿದ್ದ ಬೊಂಬೆಯ ತಲೆ ಸ್ಟೀರಿಂಗ್‌ಗೂ ಬಡಿಯಿತು, ಚಾವಣಿಗೂ ಬಡಿಯಿತು. ಅಲ್ಲಿ ಮನುಷ್ಯ ಇದ್ದಿದ್ದರೆ ಬದುಕುವುದು ಕಷ್ಟ. ಮಾಲಿಬುವಿನ ಮೂತಿಯೂ ಅಪ್ಪಚ್ಚಿಯಾಯಿತು. ಆದರೆ ಡ್ರೈವರ್ ಕೂರುವ ಜಾಗ ಹಾಗೇ ಉಳಿಯಿತು. ಅದರ ಬೊಂಬೆಗೆ ಕಾಲಿಗೆ ಪೆಟ್ಟಾಗಬಹುದಿತ್ತು, ಅಷ್ಟೇ.

ಯಾಕೆ ಹೀಗೆ? ಲೆಕ್ಕ ಹಾಕಿ ನೋಡೋಣ. 64 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17.8 ಮೀಟರ್. ಮುಂಭಾಗ 60 ಸೆಂ.ಮೀ. ಕುಗ್ಗುತ್ತಾ ಕಾರು ನಿಂತರೆ, ಬೆಲ್ಟ್ ಹಾಕಿದವರ ಮೇಲೆ ಬೀಳುವ ಬಲ ಸರಾಸರಿ ಅವರ ತೂಕದ 27 ಪಟ್ಟು. ಕಾರು ಬಗ್ಗದೆ 6 ಸೆಂ.ಮೀ.ನಲ್ಲೇ ನಿಂತುಬಿಟ್ಟರೆ 270 ಪಟ್ಟು! ಹಾಗಾಗಿ ಮೂತಿ ಮೆತ್ತಗಿರಬೇಕು, ಕ್ಯಾಬಿನ್ ಗಟ್ಟಿಯಿರಬೇಕು. ಬೆಲ್ ಏರ್‌ನಲ್ಲಿ ಇದು ಉಲ್ಟಾ ಆಯಿತು: ಮೂತಿ ಹೀರಿಕೊಳ್ಳದ ಪೆಟ್ಟು ಕ್ಯಾಬಿನ್‌ಗೆ ನುಗ್ಗಿತು.

ಆ ಕಾರಿನಲ್ಲಿ ಬೆಲ್ಟೂ ಇರಲಿಲ್ಲ, ಏರ್‌ಬ್ಯಾಗೂ ಇರಲಿಲ್ಲ. ತಮಾಷೆ ಅಂದ್ರೆ, ಈಗ ನಾವು ಹಾಕಿಕೊಳ್ಳುವ ಹೆಗಲಿಗೂ ಸೊಂಟಕ್ಕೂ ಬರುವ ಮೂರು ಬಿಂದುವಿನ ಬೆಲ್ಟನ್ನು ವೋಲ್ವೋ ಕಾರಿಗೆ ತಂದದ್ದೂ 1959ರಲ್ಲೇ. ಬೆಲ್ಟ್ ಬಿಟ್ಟು ಏರ್‌ಬ್ಯಾಗ್ ನಂಬಿ ಕೂರಬೇಡಿ. ಅದು ಬೆಲ್ಟಿಗೆ ಜೊತೆಗಾರ ಮಾತ್ರ.

ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿದ್ದರೆ ಕಿಲೋಮೀಟರ್ ಓಟದ ಜೊತೆ ತಯಾರಾದ ತಿಂಗಳನ್ನೂ ಕೇಳಿ. ನಮ್ಮಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆದದ್ದು 2019ರ ಜುಲೈನಿಂದ. ಅದಕ್ಕಿಂತ ಹಳೆಯ ಅಗ್ಗದ ಮಾಡೆಲ್‌ಗಳಲ್ಲಿ ಸ್ಟೀರಿಂಗ್ ಒಳಗೆ ಏನೂ ಇಲ್ಲದಿರಬಹುದು.

ಆ ಪರೀಕ್ಷೆಯ ವಿಡಿಯೊ ಅಪ್ಪನಿಗೂ ತೋರಿಸಿದೆ. ಎರಡು ಸಲ ನೋಡಿದರು. 'ಸರಿ, ಜೀವ ಉಳಿಯುತ್ತೆ. ರಿಪೇರಿ ಬಿಲ್ ಯಾರು ಕಟ್ತಾರೆ?' ಅಂದರು. ಅದೂ ಸುಳ್ಳಲ್ಲ ಅಲ್ವಾ, ಬಗ್ಗಲೆಂದೇ ಮಾಡಿದ ಮೂತಿ ಸಣ್ಣ ಡಿಕ್ಕಿಗೂ ಬಗ್ಗುತ್ತೆ.