ಆಗ ನಾನ್ಯಾಕೆ ಕೂಗಲಿಲ್ಲ?

ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಆಗಿತ್ತು ಎಂದು ಹೇಳಿಕೊಂಡೇ ಆಪ್ತ ಸಮಾಲೋಚನೆಗೆ ಬರುವ ಹೆಂಗಸರು ಕಡಿಮೆ. ನಿದ್ದೆ ಬರುತ್ತಿಲ್ಲ, ಗಂಡ ಹತ್ತಿರ ಬಂದರೆ ಮೈ ಮರಗಟ್ಟುತ್ತದೆ, ಮಗಳಿಗೆ ಏಳು ತುಂಬಿದಾಗಿನಿಂದ ಏನೋ ಭಯ. ಮಾತು ಹೀಗೆ ಶುರುವಾಗುತ್ತದೆ. ಮಗಳ ವಯಸ್ಸು ಕಿವಿಗೆ ಬಿದ್ದಾಗ ನಾನು ಎಚ್ಚರವಾಗುತ್ತೇನೆ. ಎಷ್ಟೋ ಸಲ ತಾಯಿಗೆ ಆ ಕೆಟ್ಟದ್ದು ನಡೆದದ್ದೂ ಅದೇ ವಯಸ್ಸಿನಲ್ಲಿ.

ಇಂಥವರು ಒಬ್ಬಿಬ್ಬರಲ್ಲ. ಐದು ಹೆಂಗಸರಲ್ಲಿ ಒಬ್ಬರು ಇದನ್ನು ಅನುಭವಿಸಿದ್ದಾಗಿ ಹೇಳಿಕೊಂಡಿದ್ದಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೇಳಿಕೊಳ್ಳದವರು ಈ ಲೆಕ್ಕಕ್ಕೆ ಸಿಗುವುದಿಲ್ಲ.

ಒಮ್ಮೆ ಬಾಯಿ ಬಿಟ್ಟ ಮೇಲೆ ಹೆಚ್ಚಿನವರು ಕೇಳುವುದು ಒಂದೇ. "ಆಗ ನಾನ್ಯಾಕೆ ಕೂಗಲಿಲ್ಲ ಮೇಡಂ? ಯಾಕೆ ಸುಮ್ನೆ ಇದ್ದೆ?"

ಇದಕ್ಕೆ ನಾನು ಸಮಾಧಾನದ ಮಾತು ಹೇಳುವುದಿಲ್ಲ, ಮೈ ಕೆಲಸ ಮಾಡುವ ಬಗೆ ಹೇಳುತ್ತೇನೆ. ಅಪಾಯ ಬಂದಾಗ ಮೆದುಳು ಓಡು ಅನ್ನಬಹುದು, ಹೊಡೆದಾಡು ಅನ್ನಬಹುದು. ಎರಡೂ ಆಗದು ಅನ್ನಿಸಿದರೆ ಮೈಯನ್ನು ಕಲ್ಲಾಗಿಸಿಬಿಡುತ್ತದೆ. ಗಂಟಲು ಕಟ್ಟುತ್ತದೆ, ಕೈಕಾಲು ಏಳುವುದಿಲ್ಲ. ಯೋಚನೆ ಮಾಡಿ ತೆಗೆದುಕೊಳ್ಳುವ ತೀರ್ಮಾನ ಅಲ್ಲ ಅದು. ದೊಡ್ಡವರಿಗೇ ಹೀಗಾಗುತ್ತದೆ, ಆರೇಳು ವರ್ಷದ ಮಗು ಏನು ಮಾಡೀತು? ಕೆಲವರಿಗೆ ಇನ್ನೊಂದು ನಾಚಿಕೆ ಇರುತ್ತದೆ, ವರ್ಷಗಟ್ಟಲೆ ಯಾರ ಮುಂದೆಯೂ ಆಡದ್ದು: ಆಗ ಮೈಗೆ ಏನೋ ಹಿತ ಅನ್ನಿಸಿತ್ತು ಎಂಬುದು. ಅದು ನರಗಳ ಕೆಲಸ. ಒಪ್ಪಿಗೆ ಅಲ್ಲವೇ ಅಲ್ಲ.

ಹೀಗೆ ಮಾಡುವವರಲ್ಲಿ ಹೆಚ್ಚಿನವರು ಮಗುವಿಗೆ ಗೊತ್ತಿರುವವರೇ. ಅದೇ ಮನೆಯವರೂ ಆಗಿರಬಹುದು. ನಂಬಿದ ದೊಡ್ಡವರೇ ಕೆಟ್ಟವರು ಎಂದು ಒಪ್ಪಿಕೊಂಡರೆ ಮಗುವಿಗೆ ನಿಲ್ಲಲು ನೆಲವೇ ಇಲ್ಲ. "ನಾನೇ ಕೆಟ್ಟವಳು" ಅಂದುಕೊಂಡರೆ ಒಂದು ಆಸೆಯಾದರೂ ಉಳಿಯುತ್ತದೆ: ಒಳ್ಳೆಯವಳಾದರೆ ಇದು ನಿಲ್ಲಬಹುದು. ಎಲ್ಲರಿಗೂ ಹೂಂ ಅನ್ನುವ, ಯಾರಿಗೂ ಎದುರಾಡದ ಎಷ್ಟೋ ಹೆಣ್ಣುಮಕ್ಕಳು ಬೆಳೆದದ್ದು ಹೀಗೆ. 2022ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ರೋಗಪಟ್ಟಿಯಲ್ಲಿ ಸಂಕೀರ್ಣ ಪಿಟಿಎಸ್‌ಡಿ ಎಂಬ ತೊಂದರೆ ಸೇರಿದೆ; ಹೆಚ್ಚಾಗಿ ಮತ್ತೆ ಮತ್ತೆ ಆದ ಆಘಾತ ಮನಸ್ಸಿನಲ್ಲಿ ಬಿಟ್ಟುಹೋಗುವ ತೊಂದರೆ ಅದು. ನಾನು ಯಾವುದಕ್ಕೂ ಲಾಯಕ್ಕಿಲ್ಲ ಅನ್ನುವ ಬಿಡದ ಭಾವನೆ ಅದರ ಲಕ್ಷಣಗಳಲ್ಲಿ ಒಂದು. ಇದನ್ನು ಓದಿ ಹೇಳಿದಾಗ ಕೆಲವರು ಅತ್ತುಬಿಡುತ್ತಾರೆ. ಅಷ್ಟು ವರ್ಷ ಅದನ್ನು ತಮ್ಮ ಗುಣ ಅಂದುಕೊಂಡಿರುತ್ತಾರೆ.

"ಮೊದಲಿನ ಹಾಗೆ ಆಗಬೇಕು" ಅನ್ನುತ್ತಾರೆ. ಇಲ್ಲೇ ಕಷ್ಟ. ದೊಡ್ಡವಳಾದ ಮೇಲೆ ಪೆಟ್ಟು ತಿಂದವಳಿಗೆ ಮರಳಿ ಹೋಗಲು ಒಂದು "ಮೊದಲು" ಇರುತ್ತದೆ. ಐದನೇ ವಯಸ್ಸಿನಲ್ಲಿ ತಿಂದವಳಿಗೆ ಎಲ್ಲಿಂದ ಬರಬೇಕು? ತಾನು ಯಾರು ಅನ್ನುವುದನ್ನು ಅವಳು ಹೊಸದಾಗಿಯೇ ಕಂಡುಕೊಳ್ಳಬೇಕು.

ಗುರುತು ಸಿಗದಂತೆ ಹಲವರ ವಿವರ ಕೂಡಿಸಿ ಹೇಳುತ್ತೇನೆ. ನಲವತ್ತರ ಹತ್ತಿರದ ಒಬ್ಬರು. ದೊಡ್ಡ ಹುದ್ದೆ, ಕೈಕೆಳಗೆ ಹತ್ತಾರು ಜನ. ಕಿಟಕಿ ತೆಗೆದಿರಲಾ, ಮುಚ್ಚಲಾ ಎಂದು ಕೇಳಿದರೆ "ನಿಮಗೆ ಹೇಗೆ ಅನುಕೂಲವೋ ಹಾಗೆ ಮೇಡಂ" ಅನ್ನುತ್ತಿದ್ದರು. ಕಣ್ಣಿಗೆ ಬಿಸಿಲು ಹೊಡೆಯುತ್ತಿದ್ದರೂ ಕುರ್ಚಿ ಸರಿಸಿಕೊಳ್ಳುತ್ತಿರಲಿಲ್ಲ. ನಾವು ಅಲ್ಲಿಂದಲೇ ಶುರು ಮಾಡಿದೆವು. ಈಗ ಮೈಗೆ ಏನು ಅನ್ನಿಸುತ್ತಿದೆ? ಸೆಕೆಯಾ? ಹೊಟ್ಟೆ ಬಿಗಿದಿದೆಯಾ? ಹಳೆಯ ನೆನಪು ನುಗ್ಗಿದಾಗ ಪಾದ ನೆಲಕ್ಕೆ ಊರಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳುವುದನ್ನು ರೂಢಿ ಮಾಡಿಕೊಂಡರು. ತಿಂಗಳುಗಳ ನಂತರ ಒಂದು ದಿನ ನಾನು ಕೇಳಿದ ಪ್ರಶ್ನೆಗೆ "ಇವತ್ತು ಆ ವಿಷಯ ಬೇಡ" ಅಂದರು. ನನ್ನ ಮುಖ ನೋಡಿದರು, ಸಿಟ್ಟಾಗಿದ್ದೇನಾ ಅಂತ. ಸರಿ, ಬೇಡ ಅಂದೆ. ಅವರಿಗೆ ನಂಬಲು ತುಸು ಹೊತ್ತು ಬೇಕಾಯಿತು. ನನಗಂತೂ ಅವತ್ತು ತುಂಬಾ ಖುಷಿಯಾಗಿತ್ತು.

ಬೇಡ ಅನ್ನಲು ಬಂದ ಮೇಲೆ ಸಿಟ್ಟು ಬರುತ್ತದೆ. ಆಮೇಲೆ ದುಃಖ, ಸಿಗದೇ ಹೋದ ಬಾಲ್ಯಕ್ಕಾಗಿ. ಮನೆಯವರು "ನೀನು ಮೊದಲಿನ ಹಾಗಿಲ್ಲ" ಅನ್ನತೊಡಗುತ್ತಾರೆ. ಕ್ಷಮಿಸಿಬಿಡು, ಹಗುರಾಗುತ್ತೀ ಅನ್ನುವವರೂ ಇದ್ದಾರೆ. ಕ್ಷಮೆ ಚಿಕಿತ್ಸೆಯ ಭಾಗ ಅಲ್ಲ. ಕೊಟ್ಟವರೂ ಚೇತರಿಸಿಕೊಂಡಿದ್ದಾರೆ, ಕೊಡದವರೂ ಚೇತರಿಸಿಕೊಂಡಿದ್ದಾರೆ. ತಾಯಿಗೆ ಹೇಳಬೇಕೋ ಬೇಡವೋ ಅನ್ನುವುದೂ ಅವಳದೇ ತೀರ್ಮಾನ.

ನೆರವು ಹುಡುಕುವವರಿಗೆ ಒಂದು ಮಾತು. ಮನಸ್ಸಿಗಾದ ಆಘಾತದ ಚಿಕಿತ್ಸೆಯಲ್ಲಿ ತರಬೇತಿ ಆಗಿದೆಯಾ ಎಂದು ಸಮಾಲೋಚಕರನ್ನು ಮೊದಲೇ ಕೇಳಿ, ಸಂಕೋಚ ಬೇಡ. ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ನೆರವಾಗುವ ಮಾತಿನ ಚಿಕಿತ್ಸೆ), ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಚಿಕಿತ್ಸೆ, ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದೆ. ಮೊದಲ ದಿನವೇ ಎಲ್ಲ ವಿವರ ಹೇಳಿ ಎಂದು ಒತ್ತಾಯಿಸಿದರೆ, ಅಥವಾ ನಿಮಗೆ ನೆನಪೇ ಇಲ್ಲದ್ದನ್ನು ನಡೆದಿರಲೇಬೇಕು ಎಂದು ಹೇಳಿದರೆ, ಎದ್ದು ಬನ್ನಿ. ಬೇರೆಯವರನ್ನು ನೋಡಿ.