ಸ್ಟೇರಿಂಗ್ ಸೊಟ್ಟ ಕೂತಿದೆ ಅಂತ ಸ್ಟೇರಿಂಗನ್ನೇ ಬಿಚ್ಚಿಸಬೇಡಿ

ಬೇರೆ ಎಲ್ಲೋ ವೀಲ್ ಅಲೈನ್‌ಮೆಂಟ್ ಮಾಡಿಸಿದ ಗಾಡಿ ಮಾರನೇ ದಿನ ನಮ್ಮ ಹತ್ತಿರ ಬರುತ್ತದೆ. ಗಾಡಿ ನೆಟ್ಟಗೆ ಓಡುತ್ತದೆ, ಯಾವ ಕಡೆಗೂ ಎಳೆಯುವುದಿಲ್ಲ. ಆದರೆ ಸ್ಟೇರಿಂಗ್ ಮಾತ್ರ ಒಂಚೂರು ಎಡಕ್ಕೋ ಬಲಕ್ಕೋ ವಾಲಿರುತ್ತದೆ. ಇಳಿದವರು ಹೇಳುವುದು ಒಂದೇ ಮಾತು: "ಏನಿಲ್ಲಪ್ಪಾ, ಸ್ಟೇರಿಂಗ್ ಬಿಚ್ಚಿ ಒಂದು ಹಲ್ಲು ಆಚೆ ಕೂರಿಸಿಕೊಡು, ಐದು ನಿಮಿಷದ ಕೆಲಸ."

ಐದು ನಿಮಿಷದ ಕೆಲಸ ಹೌದು. ಆದರೆ ಆ ಕಾಯಿಲೆಗೆ ಅದು ಮದ್ದಲ್ಲ. ಹಾಸನದಲ್ಲಿ ಅಲೈನ್‌ಮೆಂಟ್ ಅಂಗಡಿ ಇಟ್ಟುಕೊಂಡಿರುವ ನಾನು ಇದನ್ನ ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಅಲೈನ್‌ಮೆಂಟ್ ಅಂದರೆ ಚಕ್ರಗಳ ಕೋನ ಹೊಂದಿಸೋದು. ಅದರಲ್ಲಿ ಟೋ ಅಂದರೆ ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ತಿರುಗಿದೆ ಅನ್ನೋದು, ಇಷ್ಟು ಗೊತ್ತಿದ್ದರೆ ಸಾಕು.

ಸ್ಟೇರಿಂಗ್ ಕೆಳಗೆ ಒಂದು ಶಾಫ್ಟು, ಅದರ ಮೇಲ್ತುದಿಯ ಸಣ್ಣ ಹಲ್ಲುಗಳ ಮೇಲೆ ಸ್ಟೇರಿಂಗ್ ಕೂತಿರುತ್ತದೆ. ಶಾಫ್ಟಿನ ಕೆಳತುದಿಯಲ್ಲಿ ಪಿನಿಯನ್ ಅನ್ನೋ ಹಲ್ಲಿನ ಗಾಲಿ. ಪಿನಿಯನ್ ತಿರುಗಿದರೆ ಹಲ್ಲಿನ ಪಟ್ಟಿಯಾದ ರ‍್ಯಾಕ್ ಎಡಕ್ಕೆ ಬಲಕ್ಕೆ ಸರಿಯುತ್ತದೆ. ರ‍್ಯಾಕಿನ ಎರಡೂ ತುದಿಗೆ ಒಂದೊಂದು ಟೈರಾಡ್, ಅವು ಮುಂದಿನ ಎರಡು ಚಕ್ರಗಳನ್ನ ತಳ್ಳುತ್ತವೆ, ಎಳೆಯುತ್ತವೆ. ರ‍್ಯಾಕ್ ಸರಿಯಾಗಿ ನಡುಮಧ್ಯ ಇದ್ದಾಗ ಸ್ಟೇರಿಂಗ್ ನೆಟ್ಟಗೆ ಇರುವ ಹಾಗೆ ಕಂಪನಿಯವರೇ ಕೂರಿಸಿ ಕಳಿಸಿರುತ್ತಾರೆ. ಆಮೇಲೆ ಚಕ್ರ ಯಾವ ಕಡೆ ನೋಡಬೇಕು ಅನ್ನೋದನ್ನ ತೀರ್ಮಾನ ಮಾಡೋದು ಟೈರಾಡಿನ ಉದ್ದ. ಗಾಡಿ ನೆಟ್ಟಗೆ ಹೋಗುವಾಗ ಸ್ಟೇರಿಂಗ್ ಸೊಟ್ಟ ಇದೆ ಅಂದರೆ ರ‍್ಯಾಕ್ ನಡುವೆ ಇಲ್ಲ, ಒಂದು ಕಡೆ ಟೈರಾಡ್ ಉದ್ದವಾಗಿದೆ, ಇನ್ನೊಂದು ಕಡೆ ಗಿಡ್ಡವಾಗಿದೆ. ನಿಮ್ಮ ಸ್ಟೇರಿಂಗ್ ಸುಳ್ಳು ಹೇಳುತ್ತಿಲ್ಲ, ಕೆಳಗಿನ ವಿಷಯವನ್ನ ಇದ್ದ ಹಾಗೆ ತೋರಿಸುತ್ತಿದೆ. ಅದನ್ನ ಬಿಚ್ಚಿ ತಿರುಗಿಸಿ ಕೂರಿಸಿದರೆ ಕಣ್ಣಿಗೆ ನೆಟ್ಟಗೆ ಕಾಣುತ್ತದೆ, ರ‍್ಯಾಕ್ ಮಾತ್ರ ಅಲ್ಲೇ ಸೊಟ್ಟ ಉಳಿಯುತ್ತದೆ.

"ಹಾಗಾದ್ರೆ ಮಿಷನ್ ರಿಪೋರ್ಟಲ್ಲಿ ಎಲ್ಲ ಹಸಿರು ಬಂದಿದೆಯಲ್ಲ?" ಅಂತ ಚೀಟಿ ಮುಂದೆ ಹಿಡಿಯುತ್ತಾರೆ. ಹಸಿರು ಅಂದರೆ ಅಳತೆ ಸರಿ ಇದೆ ಅಂತ. ದಯವಿಟ್ಟು ಇದೊಂದನ್ನ ಗಮನವಿಟ್ಟು ಓದಿ. ಅಲೈನ್‌ಮೆಂಟ್ ಮಿಷನ್‌ಗೆ ಸ್ಟೇರಿಂಗ್ ಕಾಣಿಸುವುದೇ ಇಲ್ಲ. ಅದರ ಸೆನ್ಸರ್ ಇರೋದು ಚಕ್ರಗಳಿಗೆ. ಸ್ಟೇರಿಂಗ್ ನೆಟ್ಟಗಿದೆಯಾ ಅಂತ ನೋಡಬೇಕಾದವನು ಗಾಡಿ ಒಳಗೆ ಕೂತ ಹುಡುಗ. ಅವನು ಇಂಜಿನ್ ಆನ್ ಮಾಡಿ, ಸ್ಟೇರಿಂಗನ್ನ ಎಡಕ್ಕೆ ಬಲಕ್ಕೆ ಎರಡು ಮೂರು ಸಲ ಆಡಿಸಿ, ನಡುವೆ ತಂದು ನಿಲ್ಲಿಸಿ, ಸೀಟಿಗೂ ಸ್ಟೇರಿಂಗಿಗೂ ನಡುವೆ ಹೋಲ್ಡರ್ ಸಿಕ್ಕಿಸಬೇಕು. ಆಮೇಲೆ ಕೆಳಗೆ ಟೋ ಮುಟ್ಟಬೇಕು. ಹೋಲ್ಡರ್ ಹಾಕದೆ ಕೆಲಸ ಶುರು ಮಾಡಿದರೆ ಪಾನಾ ಹಾಕಿ ನಟ್ ಬಿಗಿಯುವ ಹೊತ್ತಿಗೇ ಸ್ಟೇರಿಂಗ್ ಒಂಚೂರು ತಿರುಗಿರುತ್ತದೆ. ಆ ಸೊಟ್ಟ ಜಾಗದಲ್ಲೇ ಎರಡೂ ಚಕ್ರ ಸಮ ಮಾಡಿದರೆ ಮಿಷನ್ ಪಾಲಿಗೆ ಎಲ್ಲವೂ ಸರಿ, ಹಸಿರು ಬಂದೇ ಬರುತ್ತದೆ.

ಇನ್ನೊಂದು ಥರದ್ದೂ ಇದೆ. ಕೆಲವರು ಎರಡು ಚಕ್ರದ ಒಟ್ಟು ಟೋ ಮಾತ್ರ ನೋಡುತ್ತಾರೆ. ಎಡ ಚಕ್ರ 20 ಮಿನಿಟ್ ಒಳಕ್ಕೆ, ಬಲ ಚಕ್ರ 20 ಮಿನಿಟ್ ಹೊರಕ್ಕೆ ತಿರುಗಿದೆ ಅಂತ ಇಟ್ಟುಕೊಳ್ಳಿ (ಮಿನಿಟ್ ಅಂದರೆ ಇಲ್ಲಿ ಹೊತ್ತಲ್ಲ, ಕೋನದ ಅಳತೆ). ಕೂಡಿದರೆ ಸೊನ್ನೆ. ಟೈರ್ ಸವೆಯುವುದಿಲ್ಲ, ಗಾಡಿ ನೆಟ್ಟಗೇ ಹೋಗುತ್ತದೆ. ಯಾಕೆಂದರೆ ರಸ್ತೆಗೆ ಇಳಿದ ಮೇಲೆ ಎರಡೂ ಚಕ್ರ ತಾವೇ ಹೊಂದಿಕೊಂಡು 20 ಮಿನಿಟ್ ಒಂದೇ ಕಡೆ ತಿರುಗಿಬಿಡುತ್ತವೆ. ಆದರೆ ನಮ್ಮ ಸಣ್ಣ ಕಾರುಗಳಲ್ಲಿ ಚಕ್ರ 1 ಡಿಗ್ರಿ ತಿರುಗಬೇಕಾದರೆ ಸ್ಟೇರಿಂಗ್ ಸುಮಾರು 15 ಡಿಗ್ರಿ ತಿರುಗಬೇಕು. 60 ಮಿನಿಟ್ ಸೇರಿದರೆ 1 ಡಿಗ್ರಿ. ಅಂದರೆ ಚಕ್ರದ 20 ಮಿನಿಟ್ ಸ್ಟೇರಿಂಗಲ್ಲಿ 5 ಡಿಗ್ರಿ ಆಯಿತು. ಕೆಳಗೆ ಕಣ್ಣಿಗೂ ಕಾಣದಷ್ಟು ವ್ಯತ್ಯಾಸ ನಿಮ್ಮ ಕೈಗೆ ಬರುವಾಗ 15 ಪಟ್ಟು ದೊಡ್ಡದಾಗಿರುತ್ತದೆ.

ಈಗ ಆ "ಒಂದು ಹಲ್ಲು" ಲೆಕ್ಕ ನೋಡಿ. ಸ್ಟೇರಿಂಗ್ ಕೂರುವ ಜಾಗದಲ್ಲಿ 36 ಹಲ್ಲು ಇದೆ ಅಂದರೆ ಒಂದು ಹಲ್ಲಿಗೆ 10 ಡಿಗ್ರಿ. ಎಡಕ್ಕೆ 5 ಡಿಗ್ರಿ ವಾಲಿದ್ದು ಒಂದು ಹಲ್ಲು ಸರಿಸಿದ ಮೇಲೆ ಬಲಕ್ಕೆ 5 ಡಿಗ್ರಿ ವಾಲುತ್ತದೆ, ಅಷ್ಟೇ. ಎಷ್ಟೋ ಗಾಡಿಗಳಲ್ಲಿ ಒಂದು ದಪ್ಪ ಹಲ್ಲು ಕೊಟ್ಟಿರುತ್ತಾರೆ, ಬೇರೆ ಜಾಗದಲ್ಲಿ ಕೂರುವುದೇ ಇಲ್ಲ. 2019ರ ಜುಲೈನಿಂದ ಹೊಸ ಕಾರುಗಳಿಗೆಲ್ಲ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಹಾಗಾಗಿ ಸ್ಟೇರಿಂಗ್ ಬಿಚ್ಚೋದು ಅಂದರೆ ಏರ್‌ಬ್ಯಾಗ್ ಬಿಚ್ಚೋದು. ಅದರ ಹಿಂದೆ ಕ್ಲಾಕ್ ಸ್ಪ್ರಿಂಗ್ ಅಂತ ರಿಬ್ಬನ್ ಥರದ ವೈರಿನ ಸುರುಳಿ ಇರುತ್ತದೆ, ಎಡಕ್ಕೆ ಇಷ್ಟು ಸುತ್ತು, ಬಲಕ್ಕೆ ಇಷ್ಟು ಸುತ್ತು ಅಂತ ಲೆಕ್ಕ ಅದಕ್ಕೆ. ಅದು ನಡುವೆ ಇಲ್ಲದೆ ಕೂತರೆ ಯಾವತ್ತೋ ಒಂದು ದಿನ ಸ್ಟೇರಿಂಗನ್ನ ಕೊನೆಯವರೆಗೆ (ಫುಲ್ ಲಾಕ್) ತಿರುಗಿಸಿದಾಗ ಕಿತ್ತುಹೋಗುತ್ತದೆ. ಹಾರ್ನ್ ಸಾಯುತ್ತದೆ, ಏರ್‌ಬ್ಯಾಗ್ ದೀಪ ಹತ್ತುತ್ತದೆ. ಆಕ್ಸಿಡೆಂಟ್ ಹೊತ್ತಲ್ಲಿ ಆ ಏರ್‌ಬ್ಯಾಗ್ ತೆರೆದುಕೊಳ್ಳದೇ ಹೋಗಬಹುದು. 5 ಡಿಗ್ರಿಗೋಸ್ಕರ ಇದು ಬೇಕಾ?

ಸಕಲೇಶಪುರದ ಕಡೆಯಿಂದ ರಿಟೈರ್ಡ್ ಮೇಷ್ಟ್ರೊಬ್ಬರು ಬರುತ್ತಾರೆ. ಏರ್‌ಬ್ಯಾಗ್ ಇಲ್ಲದ ಹಳೆಯ ಆಲ್ಟೊ, ಮಗುವಿನ ಹಾಗೆ ನೋಡಿಕೊಂಡಿದ್ದಾರೆ. ಅವರು ಮೊದಲ ಸಲ ಬಂದಾಗ ಹೇಳಿದ್ದು ಇಂಡಿಕೇಟರ್ ವಿಷಯ. ಒಂದು ಕಡೆ ಹಾಕಿದರೆ ಬೇಗ ಆಫ್ ಆಗುತ್ತದೆ, ಇನ್ನೊಂದು ಕಡೆ ಆಗುವುದೇ ಇಲ್ಲ. ಜೊತೆಗೆ ಮನೆ ಮುಂದಿನ ಎಡ ತಿರುವಿನಲ್ಲಿ ಮೊದಲು ಒಂದೇ ಸಲಕ್ಕೆ ತಿರುಗುತ್ತಿದ್ದ ಗಾಡಿ ಈಗ ರಿವರ್ಸ್ ಕೇಳುತ್ತದೆ. "ಗಾಡಿಗೂ ನನ್ನ ಹಾಗೆ ವಯಸ್ಸಾಯ್ತು ಅಂದ್ಕೊಂಡಿದ್ದೆ ಕಣಪ್ಪಾ" ಅಂದರು. "ವಯಸ್ಸಲ್ಲ ಮೇಷ್ಟ್ರೇ, ಇರಿ" ಅಂತ ನಾನು ಸ್ಟೇರಿಂಗನ್ನ ಕೊನೆಯವರೆಗೆ ತಿರುಗಿಸಿ ನೋಡಿದೆ. ಬಲಕ್ಕಿಂತ ಎಡಕ್ಕೆ ಹೆಚ್ಚೂಕಡಿಮೆ ಮುಕ್ಕಾಲು ಗೇಣು ಮೊದಲೇ ನಿಂತುಬಿಡುತ್ತಿತ್ತು. ಕೆಳಗೆ ಹೋದರೆ ಎಡ ಟೈರಾಡಲ್ಲಿ ಥ್ರೆಡ್ ಉದ್ದಕ್ಕೆ ಹೊರಗೆ ಕಾಣುತ್ತಿದೆ, ಬಲಗಡೆ ಥ್ರೆಡ್ಡೇ ಕಾಣುತ್ತಿಲ್ಲ, ಟೈರಾಡ್ ತಿರುಗದಂತೆ ಬಿಗಿ ಹಿಡಿಯುವ ಲಾಕ್ ನಟ್ ತುಕ್ಕು ಹಿಡಿದು ಕಲ್ಲಾಗಿದೆ. ಮಲೆನಾಡಿನ ಮಳೆ, ಕೆಸರು, ಇನ್ನೇನಾಗುತ್ತದೆ? ಬಲಗಡೆ ನಟ್ ಬಿಡಲ್ಲ ಅಂತ ಪ್ರತಿ ಸಲವೂ ಎಡಗಡೆ ಒಂದರಲ್ಲೇ ಟೋ ಹೊಂದಿಸಿದ್ದಾರೆ. ಸ್ಟೇರಿಂಗ್ ಸೊಟ್ಟ ಆದಾಗಲೆಲ್ಲ ಮೇಲೆ ಬಿಚ್ಚಿ ಹಲ್ಲು ಸರಿಸಿದ್ದಾರೆ. ನಾವು ತುಕ್ಕಿಗೆ ಎಣ್ಣೆ ಹೊಡೆದು, ಬಿಸಿ ಕೊಟ್ಟು, ಟೈರಾಡಿನ ಆ ತುದಿಯ ಭಾಗವನ್ನೇ (ಎಂಡ್) ಹೊಸದು ಹಾಕಿ, ಸ್ಟೇರಿಂಗನ್ನ ಅದರ ಮೂಲ ಗುರುತಿಗೆ ವಾಪಸ್ ಕೂರಿಸಿ, ಆಮೇಲೆ ಟೋ ಮಾಡಿದೆವು. ಸ್ಟೇರಿಂಗ್ ಬಿಚ್ಚಬೇಕಾದ ಸಂದರ್ಭ ಇದೊಂದೇ ಅನ್ನಬಹುದು: ಯಾರೋ ಮೊದಲೇ ಸರಿಸಿಬಿಟ್ಟಿದ್ದಾಗ.

ಸರಿ ಮಾಡುವ ದಾರಿ ಸರಳ. ಹೋಲ್ಡರ್ ಹಾಕಿ, ಎರಡೂ ಕಡೆ ಲಾಕ್ ನಟ್ ಸಡಿಲಿಸಿ, ಒಂದು ಟೈರಾಡನ್ನ ಎಷ್ಟು ಗಿಡ್ಡ ಮಾಡುತ್ತೇವೋ ಇನ್ನೊಂದನ್ನ ಅಷ್ಟೇ ಉದ್ದ ಮಾಡಬೇಕು. ಆಗ ಒಟ್ಟು ಟೋ ಕದಲುವುದಿಲ್ಲ, ಸ್ಟೇರಿಂಗ್ ಮಾತ್ರ ನಡುವೆ ಬರುತ್ತದೆ. ಕಾಲು ಸುತ್ತಿಗೇ ಸ್ಟೇರಿಂಗಲ್ಲಿ ಎರಡು ಮೂರು ಡಿಗ್ರಿ ವ್ಯತ್ಯಾಸ ಕಾಣಬಹುದು, ಗಾಡಿಯಿಂದ ಗಾಡಿಗೆ ಬೇರೆ. ಯಾವ ಕಡೆ ಗಿಡ್ಡ, ಯಾವ ಕಡೆ ಉದ್ದ ಅನ್ನೋದು ರ‍್ಯಾಕ್ ಆಕ್ಸಲ್ ಮುಂದಿದೆಯೋ ಹಿಂದಿದೆಯೋ ಅನ್ನೋದರ ಮೇಲೆ ನಿಂತಿದೆ, ಹಾಗಾಗಿ ವಿಡಿಯೋ ನೋಡಿ ಮನೆಯಲ್ಲಿ ಮಾಡಲು ಹೋಗಬೇಡಿ. ರಾಡ್ ತಿರುಗಿಸುವಾಗ ಅದರ ಬುಡ ಮುಚ್ಚಿರುವ ರಬ್ಬರ್ ಬೂಟಿನ ಕ್ಲಿಪ್ ಬಿಡಿಸಿಕೊಳ್ಳಬೇಕು. ಇಲ್ಲದಿದ್ದರೆ ಬೂಟು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡು ಹರಿಯುತ್ತದೆ, ನೀರು ಒಳಗೆ ಹೋಗಿ ರ‍್ಯಾಕೇ ಹಾಳಾಗುತ್ತದೆ. ಇಎಸ್‌ಸಿ (ಗಾಡಿ ಜಾರದ ಹಾಗೆ ತಾನೇ ಬ್ರೇಕ್ ಹಿಡಿಯುವ ವ್ಯವಸ್ಥೆ) ಇರುವ ಗಾಡಿಗಳಿಗೆ ಸ್ಟೇರಿಂಗ್ ಆಂಗಲ್ ಸೆನ್ಸರ್ ಇರುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಅಲೈನ್‌ಮೆಂಟ್ ಆದ ಮೇಲೆ ಸ್ಕ್ಯಾನರ್ ಹಾಕಿ ಅದನ್ನ ಸೊನ್ನೆಗೆ ತರಬೇಕಾಗುತ್ತದೆ, ಕೇಳಿ ಮಾಡಿಸಿ.

ಎಲ್ಲ ಸೊಟ್ಟವೂ ಟೈರಾಡಿಂದಲೇ ಅಂತ ನಾನು ಹೇಳುವುದಿಲ್ಲ. ಹಿಂದಿನ ಆಕ್ಸಲ್ ಏಟು ತಿಂದು ಓರೆಯಾಗಿದ್ದರೆ ಗಾಡಿ ಓರೆಯಾಗಿ ಓಡುತ್ತದೆ, ಅದನ್ನ ನೆಟ್ಟಗೆ ಇಡೋಕೆ ನೀವು ಸ್ಟೇರಿಂಗ್ ಸೊಟ್ಟ ಹಿಡಿದಿರುತ್ತೀರಿ. ಮುಂದಿನ ಎರಡು ಚಕ್ರ ಮಾತ್ರ ಅಳೆಯುವ ಕಡೆ ಇದು ಗೊತ್ತೇ ಆಗುವುದಿಲ್ಲ. ಸಣ್ಣ ಕಾರುಗಳಲ್ಲಿ ಹಿಂದೆ ಅಡ್ಜಸ್ಟ್ ಮಾಡುವ ವ್ಯವಸ್ಥೆಯೂ ಸಾಮಾನ್ಯವಾಗಿ ಇರುವುದಿಲ್ಲ. ಇನ್ನು ಶಿರಾಡಿ ಘಾಟಿ ಹತ್ತಿ ಬರುವಾಗ ದೊಡ್ಡ ಗುಂಡಿಗೆ ಬಿದ್ದು ಆ ಕ್ಷಣದಿಂದ ಸ್ಟೇರಿಂಗ್ ಸೊಟ್ಟ ಆಗಿದ್ದರೆ, ಅಥವಾ ಇವತ್ತು ಎಡಕ್ಕೆ ನಾಳೆ ಬಲಕ್ಕೆ ಅಂತ ಬದಲಾಗುತ್ತಿದ್ದರೆ, ಅದು ಅಲೈನ್‌ಮೆಂಟ್ ಕೆಲಸವೇ ಅಲ್ಲ. ಟೈರಾಡ್ ಬಗ್ಗಿರಬಹುದು, ಚಕ್ರವನ್ನ ಕೆಳಗಿಂದ ಹಿಡಿದಿರುವ ಲೋವರ್ ಆರ್ಮಿನ ರಬ್ಬರ್ ಬುಷ್ ಹೋಗಿರಬಹುದು. ಜೋರಾಗಿ ಓಡಿಸದೆ ಹತ್ತಿರದ ಗ್ಯಾರೇಜಿನಲ್ಲಿ ಕೆಳಗೆ ನೋಡಿಸಿ.

ಟೆಸ್ಟ್ ಮಾಡುವಾಗ ರಸ್ತೆ ನೋಡಿಕೊಳ್ಳಿ. ನೀರು ಹರಿಯಲಿ ಅಂತ ನಮ್ಮ ರಸ್ತೆಗಳು ನಡುವೆ ಎತ್ತರ, ಅಂಚಿಗೆ ಇಳಿಜಾರು. ನಾವು ಓಡಿಸೋದು ಎಡಗಡೆ, ಗಾಡಿ ಎಡಕ್ಕೆ ಜಾರುತ್ತದೆ, ಸ್ಟೇರಿಂಗನ್ನ ಕೂದಲೆಳೆಯಷ್ಟು ಬಲಕ್ಕೆ ಹಿಡಿಯುವುದು ಸಹಜ. ಸಮತಟ್ಟಾದ ಜಾಗದಲ್ಲಿ ನಿಧಾನಕ್ಕೆ ಓಡಿಸಿ ನೋಡಿ, ಹೈವೇಯಲ್ಲಿ ಕೈಬಿಟ್ಟು ನೋಡುವ ಸಾಹಸ ಬೇಡ. ದುಡ್ಡು ಕೊಡುವ ಮೊದಲೇ ಹುಡುಗನನ್ನ ಪಕ್ಕದಲ್ಲಿ ಕೂರಿಸಿಕೊಂಡು ಒಂದು ರೌಂಡ್ ಹೋಗಿ ಬನ್ನಿ. ಸೊಟ್ಟ ಕಂಡರೆ ಆಗಲೇ ಹೇಳಿ. ಅವರು ಮತ್ತೆ ಹೋಲ್ಡರ್ ಹಾಕಿ ಮಾಡಿಕೊಡಬೇಕಾದ ಕೆಲಸ ಅದು, ಬೇರೆ ಚಾರ್ಜ್ ಕೊಡಬೇಕಿಲ್ಲ. ಒಂದು ತಿಂಗಳು ಓಡಿಸಿ, ಹತ್ತು ಗುಂಡಿ ದಾಟಿ ಬಂದರೆ ಯಾರ ತಪ್ಪು ಅಂತ ನನಗೂ ಹೇಳೋಕಾಗುವುದಿಲ್ಲ.